ಸದ್ದು ಬಂದ ದಿಕ್ಕು: ಮೈಕ್ ಸಾಲಿನ ಲೆಕ್ಕ ಸರಿಪಡಿಸುವುದು ಹೇಗೆ?

ಎರಡು ಮೈಕ್ ಪಕ್ಕಪಕ್ಕ ಇಟ್ಟರೆ ಸದ್ದು ಬಂದ ದಿಕ್ಕನ್ನು ಲೆಕ್ಕ ಹಾಕಬಹುದು. ಓರೆಯಾಗಿ ಬಂದ ಸದ್ದು ಒಂದು ಮೈಕನ್ನು ಮೊದಲು ಮುಟ್ಟುತ್ತದೆ, ಇನ್ನೊಂದನ್ನು ತುಸು ತಡವಾಗಿ. ಆ ತಡವನ್ನು ಸದ್ದಿನ ವೇಗದಿಂದ ಗುಣಿಸಿ, ಮೈಕ್‌ಗಳ ಅಂತರದಿಂದ ಭಾಗಿಸಿದರೆ, ಸದ್ದು ಸರಿ ಎದುರಿನಿಂದ ಎಷ್ಟು ಓರೆ ಎಂಬ ಕೋನದ ಸೈನ್ ಸಿಗುತ್ತದೆ. ಸೂತ್ರ ಇಷ್ಟೇ. ಆದರೆ ಅಂತರ, ವೇಗ, ಎರಡು ಮೈಕ್‌ಗಳ ಹೊಂದಿಕೆ ಎಲ್ಲವೂ ಸರಿಯಿದೆ ಎಂದು ನಾವು ಸುಮ್ನೆ ನಂಬಿರುತ್ತೇವೆ. ಗದ್ದಲದಿಂದ ಆಗುವ ತಪ್ಪು ಹತ್ತಾರು ಸಲ ಅಳೆದು ಸರಾಸರಿ ತೆಗೆದರೆ ಇಳಿಯುತ್ತದೆ. ನಂಬಿದ್ದೇ ತಪ್ಪಾಗಿದ್ದರೆ ಸಾವಿರ ಸಲ ಅಳೆದರೂ ಅದೇ ತಪ್ಪು ಉತ್ತರ.

ಮೊದಲು, ಎರಡೂ ಮೈಕನ್ನು ಒಂದೇ ಸ್ಟೀರಿಯೋ ಸೌಂಡ್ ಕಾರ್ಡ್‌ಗೆ ಜೋಡಿಸಿ. ಅಂತರ 10 ಸೆಂ.ಮೀ. ಇರಲಿ. ಆಗ ಗರಿಷ್ಠ ತಡವೇ ಸುಮಾರು 290 ಮೈಕ್ರೊಸೆಕೆಂಡ್. ಎರಡು ಬೇರೆ ಯುಎಸ್‌ಬಿ ಮೈಕ್ ಬಳಸಿದರೆ, ಅವುಗಳ ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ ಹತ್ತರಷ್ಟು ವ್ಯತ್ಯಾಸ ಇದ್ದರೂ 10 ಸೆಕೆಂಡಿನಲ್ಲಿ 100 ಮೈಕ್ರೊಸೆಕೆಂಡ್ ಜಾರಿಹೋಗುತ್ತದೆ!

ಬಯಲಿನಲ್ಲಿ ಕೆಲಸ ಮಾಡಿ. ಗೋಡೆಯಿಂದ ಮರಳುವ ಸದ್ದೂ ಲೆಕ್ಕ ಕೆಡಿಸುತ್ತದೆ. ಎರಡು ಮೂರು ಮೀಟರ್ ದೂರ ನಿಂತು ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡಿ. ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಬಿಡಿ ಅಳತೆ) ಇದ್ದರೂ ಒಂದು ಸ್ಯಾಂಪಲ್‌ನಷ್ಟು ತಡ ಎಂದರೆ ನೇರ ಎದುರಿನಲ್ಲೇ ಸುಮಾರು 4 ಡಿಗ್ರಿ. ಹಾಗಾಗಿ ಕಣ್ಣಳತೆ ಸಾಲದು. ಕ್ರಾಸ್ ಕೋರಿಲೇಷನ್ ಮಾಡಿ, ಅಂದರೆ ಒಂದು ಮೈಕಿನ ರೆಕಾರ್ಡಿಂಗನ್ನು ಇನ್ನೊಂದರ ಮೇಲೆ ಸರಿಸುತ್ತಾ ಎಷ್ಟು ಹೊಂದುತ್ತದೆ ಎಂದು ಲೆಕ್ಕ ಹಾಕಿ, ಹೊಂದಿಕೆಯ ಶಿಖರ ಸ್ಯಾಂಪಲ್‌ಗಳ ನಡುವೆ ಎಲ್ಲಿದೆ ಎಂದು ಹುಡುಕಬೇಕು.

ಈಗ ಮುಖ್ಯ ಪರೀಕ್ಷೆ. ಸಾಲಿನ ಸರಿ ಎದುರು ನಿಂತು ಚಪ್ಪಾಳೆ ತಟ್ಟಿ. ತಡ ಸೊನ್ನೆ ಬರಬೇಕು. ಇಲ್ಲಿ ಅಂತರ ತಪ್ಪಿದ್ದರೂ, ವೇಗ ತಪ್ಪಿದ್ದರೂ ಉತ್ತರ ಕೆಡುವುದಿಲ್ಲ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ ತಾನೆ? ಹಾಗಾಗಿ ಇಲ್ಲಿ ಉಳಿಯುವ ತಡ ಮೈಕ್ ಮತ್ತು ಸರ್ಕ್ಯೂಟಿನದು. ನೀವು ಸರಿ ಎದುರೇ ನಿಂತಿದ್ದೀರಾ ಎಂಬ ಅನುಮಾನವೇ? ನೀವು ಕದಲಬೇಡಿ, ಸಾಲನ್ನು ನಡುಬಿಂದುವಿನ ಮೇಲೆ 180 ಡಿಗ್ರಿ ತಿರುಗಿಸಿ ಮತ್ತೆ ಅಳೆಯಿರಿ. ದಿಕ್ಕಿನಿಂದ ಬಂದ ತಡ ಪ್ಲಸ್ ಇದ್ದದ್ದು ಮೈನಸ್ ಆಗುತ್ತದೆ, ಸರ್ಕ್ಯೂಟಿನ ತಡ ಹಾಗೇ ಇರುತ್ತದೆ. ಎರಡನ್ನೂ ಕೂಡಿ ಅರ್ಧ ಮಾಡಿದರೆ ಸರ್ಕ್ಯೂಟಿನದು ಮಾತ್ರ ಕೈಗೆ ಬರುತ್ತದೆ. ಅದನ್ನು ಮುಂದಿನ ಎಲ್ಲ ಅಳತೆಗಳಿಂದ ಕಳೆಯಿರಿ. ಇಷ್ಟು ಸುಲಭದ ಈ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ.

ಮುಂದೆ 60 ಡಿಗ್ರಿ ಪಕ್ಕಕ್ಕೆ ಸರಿಯಿರಿ. ಅಂತರದಲ್ಲಿ ಬರೀ 1 ಮಿ.ಮೀ. ತಪ್ಪಿದ್ದರೆ ಇಲ್ಲಿ ಸುಮಾರು 1 ಡಿಗ್ರಿ ವ್ಯತ್ಯಾಸ ಬರುತ್ತದೆ. ಬಿಸಿಲೂ ಅಷ್ಟೇ. ಸದ್ದಿನ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 343 ಮೀಟರ್, 35ರಲ್ಲಿ ಸುಮಾರು 352. ಸುಡುಬಿಸಿಲಲ್ಲಿ 343 ಎಂದೇ ಬಿಟ್ಟರೆ 60 ಡಿಗ್ರಿಯ ಸದ್ದು 57.5 ಎಂದು ಕಾಣುತ್ತದೆ. ಯಾವುದು ಅಂತರದ ತಪ್ಪು, ಯಾವುದು ವೇಗದ್ದು ಎಂದು ಬಿಡಿಸುವ ಗೋಜು ಬೇಡ. ಸೂತ್ರಕ್ಕೆ ಬೇಕಾದದ್ದು ವೇಗ ಮತ್ತು ಅಂತರದ ಅನುಪಾತ. ಗೊತ್ತಿರುವ ಕೋನದಲ್ಲಿ ನಿಂತು ಅದನ್ನೇ ಹೊಂದಿಸಿಕೊಳ್ಳಿ. ಬಿಸಿಲು ಏರಿದರೆ, ಇಳಿದರೆ ಮತ್ತೆ ಹೊಂದಿಸಬೇಕು.

ನಾಲ್ಕೆಂಟು ಮೈಕ್ ಇದ್ದರೆ ರಾಲ್ಫ್ ಸ್ಮಿಟ್ 1979ರಲ್ಲಿ ಮಂಡಿಸಿದ, ದಿಕ್ಕು ಹುಡುಕುವ ‘ಮ್ಯೂಸಿಕ್’ (MUSIC) ಎಂಬ ಲೆಕ್ಕದ ವಿಧಾನ ಬಳಸಬಹುದು. ಒಂದಕ್ಕೊಂದು ತೀರಾ ಹತ್ತಿರದ ಎರಡು ಸದ್ದಿನ ಮೂಲಗಳನ್ನೂ ಅದು ಎರಡು ಬೇರೆ ಶಿಖರಗಳಾಗಿ ಬಿಡಿಸಿ ತೋರಿಸಬಲ್ಲದು. ಆದರೆ ಅದರ ಚುರುಕು ಪೂರಾ ನಾವು ಕೊಟ್ಟ ಅಂತರ, ತಡಗಳ ಮೇಲೆ ನಿಂತಿದೆ. ಅವು ತಪ್ಪಿದ್ದರೆ ಎರಡು ಶಿಖರಗಳು ಮೊಂಡಾಗಿ ಒಂದೇ ಆಗಿಬಿಡಬಹುದು. ಆದ್ದರಿಂದ ಮೇಲಿನ ಹೊಂದಾಣಿಕೆಯನ್ನು ಪ್ರತಿ ಮೈಕ್‌ಗೂ ಮೊದಲೇ ಮಾಡಿ. ಒಂದು ಮೈಕ್ ಬದಲಿಸಿದರೂ ಎದುರಿನ ಚಪ್ಪಾಳೆ ಪರೀಕ್ಷೆ ಮತ್ತೆ ಆಗಲೇಬೇಕು.