ನೆರೆ ಬಂದ ಊರಿಗೆ ಸಾಮಾನು ಕಳಿಸೋ ಮುಂಚೆ ಇದನ್ನೊಂದ್ಸಲ ಓದ್ಕೊಳ್ಳಿ

2019ರ ಆಗಸ್ಟಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿ ಬೆಳಗಾವಿ, ಬಾಗಲಕೋಟೆ ಕಡೆ ಊರಿಗೂರೇ ಮುಳುಗಿದ್ವಲ್ಲ, ಪಟ್ಟದಕಲ್ಲು ದೇವಸ್ಥಾನದ ಸುತ್ತ ನೀರು ನಿಂತಿದ್ದು ಟಿವೀಲಿ ನೋಡಿ ನಮ್ಮ ಬೆಂಗಳೂರು ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಎಲ್ರಿಗೂ ಕರುಳು ಚುರ್ ಅಂತು, ಎರಡೇ ದಿನಕ್ಕೆ ಬೇಸ್‌ಮೆಂಟ್ ತುಂಬಾ ಬಟ್ಟೆ. ಒಂದು ಕ್ಯಾಂಟರ್ ಮಾಡ್ಕೊಂಡು ಹೋದ್ವಿ. ಮಲಪ್ರಭಾ ದಂಡೆಯ ಒಂದೂರಲ್ಲಿ ಇಳಿಸಿದ್ರೆ, ಶಾಲೆ ಕಾಂಪೌಂಡ್ ಪಕ್ಕ ಆಗ್ಲೇ ನಮ್ಮಂಥವರು ತಂದು ಸುರಿದಿದ್ದ ಬಟ್ಟೆ ರಾಶಿ ಮಳೇಲಿ ನೆನೀತಾ ಬಿದ್ದಿತ್ತು. ಅಲ್ಲೊಬ್ಬ ಅಜ್ಜಿ ನಮ್ಮ ಗಂಟು ಬಿಚ್ಚಿ ನೋಡಿ, "ತಮ್ಮಾ, ಈ ಹರಕ ಅರಬಿ ತಗೊಂಡ ಏನ್ ಮಾಡ್ಲೋ, ಎಮ್ಮಿಗೆ ಒಂದ ಹಿಡಿ ಕಣಕಿ ತಂದಿದ್ರ ಪುಣ್ಯಾ ಬರ್ತಿತ್ತ ನೋಡ" ಅಂದ್ರು. ಬಣವೆ ತೇಲಿ ಹೋಗಿತ್ತು, ಎಮ್ಮೆ ಉಳಿದಿತ್ತು. ನಮ್ಮಲ್ಲಿ ಯಾರ ತಲೆಗೂ ಮೇವು ಅನ್ನೋದು ಹೊಳೆದೇ ಇರ್ಲಿಲ್ಲ.

ಅದಕ್ಕೇ ಮೊದಲ ಕೆಲಸ ಫೋನು. ಆ ಊರಲ್ಲಿ ನಿಂತಿರೋ ಒಬ್ಬರ ನಂಬರ್ ಹುಡುಕಿ, ಶಾಲೆ ಮೇಷ್ಟ್ರು, ಗ್ರಾಮ ಪಂಚಾಯ್ತಿ ಮೆಂಬರು, ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ), ಆಶಾ ಕಾರ್ಯಕರ್ತೆ, ಯಾರಾದ್ರೂ ಸರಿ. ಯಾರೂ ಸಿಗದಿದ್ರೆ ತಹಶೀಲ್ದಾರ್ ಆಫೀಸಿಗೆ ಮಾಡಿ, ಕಾಳಜಿ ಕೇಂದ್ರಕ್ಕೆ ಯಾರು ನೋಡಲ್ ಅಧಿಕಾರಿ ಅಂತ ಕೇಳಿ (ಸರ್ಕಾರ ಈಗ ಕಾಳಜಿ ಕೇಂದ್ರ ಅನ್ನುತ್ತೆ, ಜನ ಇನ್ನೂ ಗಂಜಿ ಕೇಂದ್ರ ಅಂತಲೇ ಕರೀತಾರೆ). ಜಿಲ್ಲಾ ಕಂಟ್ರೋಲ್ ರೂಮ್ 1077. ಯಾರಾದ್ರೂ ನೀರಲ್ಲಿ ಸಿಕ್ಕಾಕ್ಕೊಂಡಿದ್ರೆ ಮಾತ್ರ ಇದ್ಯಾವ್ದೂ ಬೇಡ, ಸೀದಾ 112. "ಏನು ಬೇಕು" ಅಂತಷ್ಟೇ ಕೇಳಿದ್ರೆ ಸಂಕೋಚಕ್ಕೆ "ಏನಾದ್ರೂ ಕಳಿಸ್ರಿ" ಅಂದುಬಿಡ್ತಾರೆ, ಅದಕ್ಕೆ "ಯಾವ್ದು ಸಾಕಾಗೋಗಿದೆ, ಯಾವ್ದು ಒಂದೂ ಬಂದಿಲ್ಲ" ಅಂತ ಕೇಳಿ. ಎಷ್ಟು ಮನೆ, ಎಷ್ಟು ಕೂಸುಗಳು, ಎಷ್ಟು ದನ, ಕೇಂದ್ರದಲ್ಲಿ ಒಲೆ ಇದೆಯಾ ಇಲ್ವಾ ಅನ್ನೋದನ್ನೂ ಬರ್ಕೊಳ್ಳಿ. ಒಲೆ ಇಲ್ದೇ ಇರೋ ಕಡೆ ಅಕ್ಕಿ ಮೂಟೆ ಕಳಿಸಿದ್ರೆ ಅದರ ಮೇಲೆ ಕೂತ್ಕೊಬೇಕಷ್ಟೇ.

ಮೊದಲ ಮೂರ್ನಾಲ್ಕು ದಿನ ಬೇಕಾಗೋದು ಹಾಗೇ ತಿನ್ನೋಕೆ ಆಗೋ ಊಟ. ಇದ್ರಲ್ಲಿ ಉತ್ತರ ಕರ್ನಾಟಕದವ್ರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ನೀರು ಬರದ ಊರಿನ ಹೆಂಗಸರು ಮನೆಮನೇಲಿ ರೊಟ್ಟಿ ಬಡಿದು ಗಂಟು ಕಟ್ಟಿ ಕಳಿಸಿದ್ರು, ಜೊತೆಗೆ ಶೇಂಗಾ ಚಟ್ನಿಪುಡಿ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡಲ್ಲ, ನಾವು ತಗೊಂಡೋಗಿದ್ದ ಬ್ರೆಡ್ಡು ದಾರೀಲೇ ಬೂಷ್ಟು ಹಿಡೀತು. ನಿಮಗೆ ರೊಟ್ಟಿ ಬಡಿಯೋಕೆ ಬರದಿದ್ರೆ ಅವಲಕ್ಕಿ, ಚುರುಮುರಿ, ಬೆಲ್ಲ, ಬಿಸ್ಕತ್ತು ತಗೊಳ್ಳಿ. ಬೇಯಿಸಿದ ಚಿತ್ರಾನ್ನ, ಪುಳಿಯೋಗರೆ ಎಲ್ಲ ಅಲ್ಲೇ ಹತ್ತಿರದ ಊರಲ್ಲಿ ಮಾಡಿಸಿದ್ರೆ ಮಾತ್ರ.

ಬಟ್ಟೆ ಬೇಡ್ವೇ ಬೇಡ ಅಂತಲ್ಲ, ಹೊಸದು ಬೇಕು. ನೈಟಿ, ಒಳಉಡುಪು, ಟವೆಲ್, ಮಕ್ಕಳ ಚಡ್ಡಿ, ಮತ್ತೆ ಪ್ಯಾಡು. ಇದನ್ನ ಪಟ್ಟೀಲಿ ಗಂಡಸರು ಬರೆಯಲ್ಲ, ಕೇಂದ್ರದಲ್ಲಿರೋ ಹೆಂಗಸರು ನಮ್ಮ ಹತ್ರ ಬಾಯ್ಬಿಟ್ಟು ಕೇಳಲ್ಲ. ನಮ್ಮ ಗುಂಪಲ್ಲಿ ಹೆಂಗಸರೇ ಇರ್ಲಿಲ್ಲ, ಅದು ನಮ್ಮ ಎರಡನೇ ದಡ್ಡತನ. ನೆನೆದ ಕೌದಿ ಒಣಗೋಕೆ ಎಷ್ಟು ದಿನ ಬೇಕು ಅಂತ ಆ ಕಡೆಯವ್ರಿಗೆ ಗೊತ್ತು, ಹಾಗಾಗಿ ಚಾಪೆ, ಹೊದಿಕೆ, ತಾಡಪತ್ರಿ ಎಷ್ಟಿದ್ರೂ ಖರ್ಚಾಗುತ್ತೆ.

ಸಾಧ್ಯ ಆದಷ್ಟೂ ಸಾಮಾನು ಹತ್ತಿರದ ಪೇಟೇಲೇ ಕೊಳ್ಳಿ, ಹುಬ್ಬಳ್ಳೀಲೋ ಗದಗಲ್ಲೋ ಬಾಗಲಕೋಟೇಲೋ. ಬೆಂಗಳೂರಿಂದ ಬಕೆಟ್ ಹೊತ್ಕೊಂಡು ಹೋಗೋ ಡೀಸಲ್ ದುಡ್ಡಲ್ಲಿ ಇನ್ನೈವತ್ತು ಬಕೆಟ್ ಬರುತ್ತೆ. ಹೊರಡೋ ಮುಂಚೆ ದಾರಿ ವಿಚಾರಿಸಿ, ಆ ವರ್ಷ ನಿಪ್ಪಾಣಿ ಹತ್ರ ಪುಣೆ ಹೈವೇನೇ ಬಂದ್ ಆಗಿತ್ತು. ಆಮೇಲೆ ಮೇನ್ ರೋಡ್ ಪಕ್ಕದ ಮೊದಲ ಊರಲ್ಲೇ ಎಲ್ಲ ಇಳಿಸಿ ಬರಬೇಡಿ, ಎಲ್ಲರ ಲಾರೀನೂ ಅಲ್ಲೇ ನಿಲ್ಲೋದು, ಒಳಗಿನ ಊರಿಗೆ ಹೋಗೋಕೆ ಟ್ರ್ಯಾಕ್ಟರ್ ಬೇಕು ಅದಕ್ಕೆ ಬಾಡಿಗೆ ಎತ್ತಿಡಿ.

ನೀರಿಳಿದ ಮೇಲೆ ಟಿವಿಯವ್ರು ಹೋಗ್ತಾರೆ, ಲಾರಿಗಳೂ ನಿಲ್ತಾವೆ, ಅಸಲಿ ಕೆಲಸ ಶುರುವಾಗೋದು ಆವಾಗ. ಮನೆಯೊಳಗೆ ಮೊಣಕಾಲುದ್ದ ರಾಡಿ. ಕೈಕಾಲು ಗಟ್ಟಿ ಇರೋ ಹತ್ತು ಹುಡುಗರು ಸಲಿಕೆ, ಬುಟ್ಟಿ, ಗಂಬೂಟು, ಬ್ಲೀಚಿಂಗ್ ಪೌಡರ್ ತಗೊಂಡು ಎರಡು ದಿನ ಹೋದ್ರೆ ಅದು ಒಂದು ಲಾರಿ ಸಾಮಾನಿಗಿಂತ ಹೆಚ್ಚು (ನಿಮ್ಮ ಊಟ, ಮಲಗೋ ವ್ಯವಸ್ಥೆ ನೀವೇ ನೋಡ್ಕೊಳ್ಳಿ, ಅವರ ಮೇಲೆ ಬೀಳಬೇಡಿ). ಮೇನ್ ಸ್ವಿಚ್ ಆಫ್ ಆಗಿದೆಯಾ ನೋಡದೆ ಒಳಗೆ ಕಾಲಿಡಬೇಡಿ, ಮಣ್ಣಿನ ಗೋಡೆ ನೆನೆದಿದ್ರೆ ಒರಗಬೇಡಿ, ಅದು ಬಿಸಿಲು ಬಂದ ಮೇಲೂ ಕುಸಿಯುತ್ತೆ. ಮೂಲೆಯಲ್ಲಿ, ಪಾತ್ರೆ ಸಂದಿಯಲ್ಲಿ ಹಾವಿರುತ್ತೆ, ಬರಿಗೈ ಹಾಕಬೇಡಿ. ಕಾಲಲ್ಲಿ ಗಾಯ ಇದ್ದೋರು ರಾಡಿಗೆ ಇಳಿಯೋದೇ ಬೇಡ, ಇಲಿ ಜ್ವರ ಬರೋದು ಹಾಗೇನೇ, ಮುಂಚೇನೇ ಡಾಕ್ಟರ್ ಕೇಳ್ಕೊಂಡು ಹೋಗಿ.

ದುಡ್ಡು ಕೊಡೋರಿಗೆ: ಫಾರ್ವರ್ಡ್ ಆಗಿ ಬರೋ ಕ್ಯೂಆರ್ ಕೋಡ್‌ಗೆ ಕಣ್ಮುಚ್ಚಿ ಹಾಕಬೇಡಿ, ಸ್ಕ್ಯಾನ್ ಮಾಡಿದಾಗ ಯಾರ ಹೆಸರು ಬರುತ್ತೆ ನೋಡಿ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ರೆ ಹಳೇ ತೆರಿಗೆ ಪದ್ಧತೀಲಿ ಇರೋರಿಗೆ ಆದಾಯ ತೆರಿಗೆ ವಿನಾಯ್ತಿ ಇದೆ, ಆದ್ರೆ 2,000ಕ್ಕಿಂತ ಜಾಸ್ತಿ ಕ್ಯಾಶ್ ಕೊಟ್ರೆ ಸಿಗಲ್ಲ. ನೀವೇ ದುಡ್ಡು ಎತ್ತೋರಾದ್ರೆ ಬಿಲ್ಲು ಫೋಟೋ ತೆಗೆದು ಗ್ರೂಪಿಗೆ ಹಾಕ್ತಿರಿ. ಬಿಲ್ಲಿನ ಫೋಟೋ ಸಾಕು, ಅಕ್ಕಿ ಚೀಲ ಹಿಡ್ಕೊಂಡು ತಲೆ ತಗ್ಗಿಸಿ ನಿಂತ ರೈತನ ಫೋಟೋ ಬೇಡ, ಹೋದ ತಿಂಗಳವರೆಗೂ ಅವನೇ ನಾಲ್ಕು ಜನಕ್ಕೆ ಕೊಡ್ತಿದ್ದವನು.

ಮಾತಾಡೋದು ಕಷ್ಟ, ನಂಗೂ ಬರಲ್ಲ. "ಜೀವ ಉಳೀತಲ್ಲ ಬಿಡಿ" ಅನ್ನಬೇಡಿ, ಎತ್ತು ಕಳ್ಕೊಂಡವನಿಗೆ ಅದು ಕುಟುಕಿದ ಹಾಗೆ. ಊಟ ಆಯ್ತಾ ಅಂತ ಕೇಳಿ, ಪಕ್ಕದಲ್ಲಿ ಕೂರಿ, ಅವರು ಎತ್ತಿನ ಕತೆ ಹೇಳಿದ್ರೆ ಕೇಳಿಸ್ಕೊಳ್ಳಿ. ಯಾರಾದ್ರೂ ನಿದ್ದೆ ಊಟ ಬಿಟ್ಟು ವಾರಗಟ್ಟಲೆ ಮಂಕಾಗೇ ಇದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡ್ತಾರೆ, ನೀವೇ ಹಚ್ಚಿ ಕೊಡಿ.

ಇನ್ನೊಂದು, ಬೆಂಗಳೂರಲ್ಲಿ ಕೂತೇ ಮಾಡಬಹುದಾದ್ದು, ಕಾಗದ ಪತ್ರ. ಆ ವರ್ಷ ತುರ್ತು ಪರಿಹಾರ 10,000, ಮನೆ ಪೂರ್ತಿ ಬಿದ್ದವರಿಗೆ 5 ಲಕ್ಷ ಅಂತ ಸರ್ಕಾರ ಹೇಳಿತ್ತು, ಆದ್ರೆ ಆಧಾರು, ರೇಷನ್ ಕಾರ್ಡು, ಪಾಸ್‌ಬುಕ್ ಎಲ್ಲ ಟ್ರಂಕಿನ ಸಮೇತ ಹೊಳೆ ಪಾಲಾಗಿತ್ತು. ಬಿದ್ದ ಮನೆ ಫೋಟೋ ನಾಲ್ಕೂ ಕಡೆಯಿಂದ, ಸ್ವಚ್ಛ ಮಾಡೋ ಮುಂಚೆ ತೆಗೆಸಿ. ಪಹಣಿ ಆನ್‌ಲೈನಲ್ಲಿ ತೆಗೆದು ಪ್ರಿಂಟ್ ಕಳಿಸಿ, ಮಕ್ಕಳ ಮಾರ್ಕ್ಸ್ ಕಾರ್ಡಿಗೆ ಅರ್ಜಿ ಬರೆದುಕೊಡಿ, ಸರ್ವೆಗೆ ಬಂದವರು ಮನೆ ಎಷ್ಟು ಬಿದ್ದಿದೆ ಅಂತ ಯಾವ ಕೆಟಗರೀಲಿ ಬರ್ಕೊಂಡ್ರು ಅಂತ ಕೇಳಿಸ್ಕೊಳ್ಳೋಕೆ ಹೇಳಿ. ನಮ್ಮ ಗುಂಪಲ್ಲಿ ಇದನ್ನ ಮಾಡಿದ್ದು ರಿಟೈರ್ಡ್ ಅಂಕಲ್ ಒಬ್ರೇ, ಮೂರು ತಿಂಗಳು, ದಿನಾ ಬೆಳಗ್ಗೆ ಕಾಫಿ ಕುಡೀತಾ ನಾಲ್ಕು ಫೋನು.

ಆ ನಂಬರ್‌ಗಳನ್ನ ಡಿಲೀಟ್ ಮಾಡಬೇಡಿ. ಅದೇ ವರ್ಷ ಅಕ್ಟೋಬರಲ್ಲಿ ಮಲಪ್ರಭಾ ಮತ್ತೆ ಬಂತು. ಈ ಸಲ ಮೊದಲು ಫೋನ್ ಮಾಡಿದ್ವಿ, ಆ ಊರಿನ ಮೇಷ್ಟ್ರು ಎತ್ತಿದವ್ರೇ "ಅರಬಿ ಬ್ಯಾಡ್ರಿ ಸರ" ಅಂದ್ರು. ಕಣಿಕೆ ಎಲ್ಲಿ ಸಿಗುತ್ತೆ, ಒಂದು ಟ್ರ್ಯಾಕ್ಟರ್ ಲೋಡಿಗೆ ಎಷ್ಟು ಅಂತಲೂ ಅವರೇ ವಿಚಾರಿಸಿ ಇಟ್ಟಿದ್ರು, ನಾವು ಬರೀ ದುಡ್ಡು ಹಾಕಿದ್ವಿ.