ತಲಕಾಡಿನ ಚರಿತ್ರೆಯನ್ನು ನಾನು ಮರಳಿನಿಂದ ಶುರುಮಾಡಿದೆ

ಶಾಲೆಯ ಮಕ್ಕಳಿಗೆಂದು ತಲಕಾಡಿನ ಬಗ್ಗೆ ಒಂದು ಪುಟ್ಟ ಪುಸ್ತಿಕೆ ಮಾಡಲು ಕೂತಾಗ, ಎಲ್ಲರ ಹಾಗೆ ನಾನೂ ಮೊದಲು ರಾಜರನ್ನೇ ಸಾಲಾಗಿ ನಿಲ್ಲಿಸಿದೆ. ಕೋಲಾರದಿಂದ ಇಲ್ಲಿಗೆ ಬಂದ ಗಂಗರು, 1004ರ ಸುಮಾರಿಗೆ ಊರನ್ನು ಗೆದ್ದ ಚೋಳರು, 1116ರ ಹೊತ್ತಿಗೆ ಅವರನ್ನು ಹೊರದಬ್ಬಿ ‘ತಲಕಾಡುಗೊಂಡ’ ಎಂಬ ಬಿರುದು ಪಡೆದ ವಿಷ್ಣುವರ್ಧನ, ಆಮೇಲೆ ವಿಜಯನಗರ, ಮೈಸೂರು ಒಡೆಯರು. ತಪ್ಪೇನೂ ಇರಲಿಲ್ಲ. ಆದರೆ ಮಕ್ಕಳಿಗೆ ಓದಿ ಹೇಳಿದಾಗ ಏಳನೇ ತರಗತಿಯ ಒಬ್ಬ ಹುಡುಗಿ, ‘ಸಾರ್, ಆಗ ನಮ್ಮನೆ ಎಲ್ಲಿತ್ತು?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕರಡನ್ನು ಎತ್ತಿಟ್ಟೆ.

ಎರಡನೇ ಸಲ ಹೊಳೆಯಿಂದ ಹೊರಟೆ. ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡು ಬರುವ ಕಾವೇರಿ ತಲಕಾಡಿನ ಹತ್ತಿರ ದೊಡ್ಡದಾಗಿ ಬಳಸಿ ಹರಿಯುತ್ತಾಳೆ. ಹೊಳೆ ತಿರುಗುವ ಕಡೆ ಒಂದು ದಡದಲ್ಲಿ ಮರಳು ಕೂಡುತ್ತದೆ, ಎದುರು ದಡವನ್ನು ನೀರು ಕೊರೆಯುತ್ತದೆ. ಸರ್ವೇ ಆಫ್ ಇಂಡಿಯಾದ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಮಕ್ಕಳ ಕೈಲಿ ಹೊಳೆಗೆ ನೀಲಿ ಬಣ್ಣ, ಮರಳುಗುಡ್ಡೆಗೆ ಹಳದಿ ಬಣ್ಣ ಹಚ್ಚಿಸಿದೆ. ಬಣ್ಣ ತುಂಬಿದ ಮೇಲೆ ‘ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ’ ಅನ್ನುವ ಶಾಪದ ಮಾತನ್ನು ಯಾರೂ ವಿವರಿಸಬೇಕಾಗಲಿಲ್ಲ. ಎರಡೂ ಒಂದೇ ಹೊಳೆಯ ಎರಡು ದಡಗಳ ಸಂಗತಿ.

ಈ ಶಾಪದ ಕಥೆಯನ್ನು ಹೇಗೆ ಬರೆಯುವುದು ಎಂಬುದಕ್ಕೆ ನಾನು ಬಹಳ ದಿನ ಹೆಣಗಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಹಿಡಿದದ್ದು ಚರಿತ್ರೆ. ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ, ಒಡೆಯರ ಕಡೆಯವರು ಒಡವೆಗಾಗಿ ಬೆನ್ನಟ್ಟಿದಾಗ ಶಪಿಸಿ ಮಾಲಂಗಿಯ ಮಡುವಿಗೆ ಹಾರಿದಳು ಎಂಬುದು ಜನರ ಬಾಯಲ್ಲಿ ಉಳಿದು ಬಂದ ಕಥೆ. ಊರಿನವರಿಗೆ ಅದು ಬರೀ ಕಥೆಯಲ್ಲ, ಅದನ್ನು ತೆಗೆದುಹಾಕುವ ಹಕ್ಕು ನನಗಿಲ್ಲ. ಹಾಗಂತ ಮರಳಿಗೆ ಅದೊಂದೇ ಕಾರಣ ಅಂತ ಮಕ್ಕಳಿಗೆ ಹೇಳಲೂ ಆಗದು. ಹೊಳೆಗೆ ಮೇಲುಗಡೆ ಅಡ್ಡಲಾಗಿ ಮಾಧವಮಂತ್ರಿ ಅಣೆಕಟ್ಟೆ ಇದೆ. ಅದನ್ನು ಕಟ್ಟಿದ ಮೇಲೆ ಕೆಳಗಿನ ಪಾತ್ರದಲ್ಲಿ ನೀರು ಇಳಿದು ಮರಳು ಬಯಲಾಯಿತು, ನೈರುತ್ಯ ಮುಂಗಾರಿನ ಗಾಳಿ ಅದನ್ನು ಹೊತ್ತು ದಡಕ್ಕೆ ಸುರಿಯಿತು ಎನ್ನುವುದು ಈಚಿನ ವಿದ್ವಾಂಸರ ವಿವರಣೆ. ಎರಡನ್ನೂ ಎದುರುಬದುರು ಪುಟಗಳಲ್ಲಿ ಇಟ್ಟೆ. ಎಡಗಡೆ ಕಥೆ, ಬಲಗಡೆ ಗಾಳಿ ಮತ್ತು ನೀರು. ಪುಸ್ತಿಕೆಯಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟ ಜಾಗ ಅದೇ.

ಹುಡುಗಿಯ ಪ್ರಶ್ನೆಗೆ ಉತ್ತರದ ದಾರಿ ಸಿಕ್ಕಿದ್ದು ಹಳೆಯ ಮೈಸೂರು ಗೆಜೆಟಿಯರಿನ ಒಂದು ಸಾಲಿನಲ್ಲಿ. ಹೆಚ್ಚುಕಮ್ಮಿ ಒಂದು ಮೈಲಿ ಉದ್ದದ ಮರಳುಗುಡ್ಡೆಗಳು ವರ್ಷಕ್ಕೆ 9–10 ಅಡಿಯಂತೆ ಊರಿನ ಮೇಲೆ ಬರುತ್ತಿದ್ದವು ಅಂತ ಅದರಲ್ಲಿದೆ. ಲೆಕ್ಕ ಹಾಕಿ ನೋಡಿ: ಹತ್ತು ವರ್ಷಕ್ಕೆ ಹತ್ತಿರ ಹತ್ತಿರ ನೂರು ಅಡಿ. ಒಂದು ತಲೆಮಾರಿನೊಳಗೆ ಒಂದು ಬೀದಿಯೇ ಹೋಗುತ್ತದೆ. ಅಂದರೆ ಇಲ್ಲಿ ಜನ ಕೂತಲ್ಲೇ ಕೂತಿರಲಿಲ್ಲ, ಮನೆಗಳು ಹಿಂದೆ ಹಿಂದೆ ಸರಿಯುತ್ತಾ ಬಂದಿವೆ. ಇದನ್ನು ಹಿರಿಯರೊಬ್ಬರ ಮುಂದೆ ಹೇಳಿದಾಗ ಅವರು, ‘ಅದೇನ್ ಹೊಸ ವಿಷ್ಯ ಮೇಷ್ಟ್ರೇ, ನಮ್ ಅಜ್ಜಿ ದಿನಾ ಬೆಳಿಗ್ಗೆ ಹಟ್ಟಿ ಮುಂದ್ಲು ಮರಳು ಬಾಚಿ ಆಮೇಲೆ ರಂಗೋಲಿ ಇಡೋರು’ ಅಂದರು. ಆ ಮಾತನ್ನು ಇದ್ದ ಹಾಗೆಯೇ ಅಚ್ಚು ಹಾಕಿಸಿದೆ.

ಶಾಸನಗಳನ್ನು ನೋಡಿದ್ದು ಅದಾದ ಮೇಲೆ. ಬಿ.ಎಲ್. ರೈಸ್ ಅವರ ಶಾಸನಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 3ನೇ ಸಂಪುಟ 1894ರಲ್ಲಿ ಬಂತು, ನಮ್ಮ ತಾಲ್ಲೂಕಿನ ಶಾಸನಗಳು ಅದರಲ್ಲಿವೆ. ತಮಿಳು ಶಾಸನಗಳೂ ಇವೆಯೆಂದು ಮಕ್ಕಳಿಗೆ ಹೇಳಿದಾಗ ಅಚ್ಚರಿಪಟ್ಟರು. ಚೋಳರು ಊರಿಗೆ ರಾಜರಾಜಪುರ ಅಂತ ಹೆಸರಿಟ್ಟಿದ್ದರು. ಹೊಸ ಹೆಸರು ಹೋಯಿತು, ಹಳೆಯದೇ ಉಳಿಯಿತು.

ಇನ್ನು ಜನಸಂಖ್ಯೆ. ಇಲ್ಲಿ ನಾನು ದೊಡ್ಡ ತಪ್ಪು ಮಾಡಿದ್ದೆ. ತಲಕಾಡು ಊರಿನ ಹೆಸರೂ ಹೌದು, ಹೋಬಳಿಯ ಹೆಸರೂ ಹೌದು. ಒಂದು ವರ್ಷದ ಅಂಕಿಯನ್ನು ಊರಿನದ್ದರಿಂದ, ಇನ್ನೊಂದು ವರ್ಷದ್ದನ್ನು ಹೋಬಳಿಯದ್ದರಿಂದ ಎತ್ತಿಕೊಂಡು ‘ಊರು ಬೆಳೆದ ಪರಿ’ ಅಂತ ಗೆರೆ ಎಳೆದಿದ್ದೆ. ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರೊಬ್ಬರು ನೋಡಿ ತಿದ್ದಿದರು. ಆವತ್ತಿನಿಂದ ಯಾವ ಅಂಕಿ ಬರೆದುಕೊಂಡರೂ ಅದರ ಪಕ್ಕದಲ್ಲೇ ಮೂರು ವಿಷಯ ಬರೆಯುತ್ತೇನೆ: ಇದು ಕಂದಾಯ ಗ್ರಾಮದ್ದೋ, ಪಂಚಾಯಿತಿಯದ್ದೋ, ಹೋಬಳಿಯದ್ದೋ; ಮಜಿರೆಗಳು (ಗ್ರಾಮಕ್ಕೆ ಸೇರಿದ ಪುಟ್ಟ ಹಳ್ಳಿಗಳು) ಸೇರಿವೆಯೋ ಇಲ್ಲವೋ; ಯಾವ ವರ್ಷದ ಗಣತಿ. 2011ರ ಗಣತಿಗೆ ಜಿಲ್ಲಾ ಕೈಪಿಡಿಯಲ್ಲಿ ಹಳ್ಳಿಹಳ್ಳಿಯ ಪಟ್ಟಿ ಇದೆ, ಪ್ರತಿ ಹಳ್ಳಿಗೂ ಒಂದು ಸಂಕೇತಸಂಖ್ಯೆ ಇದೆ. ಹೆಸರನ್ನು ನಂಬದೆ ಆ ಸಂಖ್ಯೆಯನ್ನು ಹಿಡಿದು ಹುಡುಕಬೇಕು.

ಹಳೆಯ ಅಂಕಿಗಳನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. 1871ರಲ್ಲಿ ಮೈಸೂರು ಸಂಸ್ಥಾನದ ಜನ 50,55,412. 1881ಕ್ಕೆ ಅದು 41,86,188ಕ್ಕೆ ಇಳಿಯಿತು. ಮೊದಲು ನೋಡಿದಾಗ ಅಚ್ಚಿನ ದೋಷ ಅಂದುಕೊಂಡೆ. ಅಲ್ಲ, ನಡುವೆ ಧಾತು, ಈಶ್ವರ ಸಂವತ್ಸರಗಳ ಬರ, 1876–78, ಬಂದು ಹೋಗಿತ್ತು. ಎಂಟೂವರೆ ಲಕ್ಷಕ್ಕೂ ಮಿಕ್ಕಿದ ಇಳಿಕೆ ಅದು. ಬರವಿಲ್ಲದ ವರ್ಷಗಳಾಗಿದ್ದರೆ ಹುಟ್ಟಿ ಬೆಳೆಯಬೇಕಿದ್ದವರು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಹಳೇ ಮೈಸೂರಿನ ಯಾವ ಊರಿನ ಚರಿತ್ರೆ ಬರೆಯುವವರೂ 1871ರಿಂದ 1881ಕ್ಕೆ ಸುಮ್ಮನೆ ಗೆರೆ ಎಳೆದು ದಾಟಬಾರದು. ಆ ಎರಡು ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದ ದಿನ ತರಗತಿಯಲ್ಲಿ ಯಾರೂ ಮಾತಾಡಲಿಲ್ಲ.

ಕೆಲವು ವರ್ಷಗಳಿಗೊಮ್ಮೆ ಇಲ್ಲಿನ ಐದು ಶಿವಲಿಂಗಗಳನ್ನು ನೋಡಲು ಸೇರುವ ಪಂಚಲಿಂಗ ದರ್ಶನದ ಜನಸಾಗರದ ಬಗ್ಗೆಯೂ ಬರೆಯಿರಿ ಅಂತ ಹಲವರು ಒತ್ತಾಯಿಸಿದರು. 2009, 2013, 2020ರ ದರ್ಶನಗಳನ್ನು ಅರ್ಧ ಪುಟದಲ್ಲಿ ಮುಗಿಸಿದೆ. ನೋಡಲು ಬಂದವರ ಬಗ್ಗೆ ಬೇಕಾದಷ್ಟು ಬರಹಗಳಿವೆ, ಇರುವವರ ಬಗ್ಗೆ ಕಡಿಮೆ.

ಕೊನೆಯ ಪುಟದಲ್ಲಿ ಊರಿನ ಖಾಲಿ ನಕ್ಷೆ ಇಟ್ಟಿದ್ದೇನೆ: ಹೊಳೆ, ಮರಳು, ಕೀರ್ತಿನಾರಾಯಣ, ವೈದ್ಯೇಶ್ವರ ದೇವಸ್ಥಾನಗಳು, ಈಗಿನ ಬೀದಿಗಳು, ಅಷ್ಟೇ. ಪ್ರತಿ ಮಗುವೂ ಮನೆಯ ಹಿರಿಯರನ್ನು ಕೇಳಿ, ಮನೆ ಮೊದಲು ಎಲ್ಲಿತ್ತು, ಆಮೇಲೆ ಎಲ್ಲಿಗೆ ಬಂತು ಅಂತ ಬಾಣದ ಗುರುತು ಹಾಕಿ ತರಬೇಕು. ಹದಿನಾಲ್ಕು ನಕ್ಷೆಗಳು ವಾಪಸು ಬಂದಿವೆ. ಆ ಹುಡುಗಿಯದ್ದರಲ್ಲಿ ಎರಡು ಬಾಣಗಳಿವೆ, ಎರಡೂ ಮರಳಿನಿಂದ ಆಚೆಗೆ.