ಕಾರ್ಡ್ ಮಾಡಿಸುವವರಿಗೆ: ಇಟಾಲಿಕ್ ಅಕ್ಷರ ಎಲ್ಲಿ ಚೆಂದ, ಎಲ್ಲಿ ಬೇಡ

ಮದುವೆ ಕಾರ್ಡ್ ಮಾಡಿಸಲು ಮುಂಬೈನ ಗಿರ್‌ಗಾಂವ್‌ನ ಖಾಡಿಲ್ಕರ್ ರಸ್ತೆಗೆ ಹೋಗುವವರು ಇದನ್ನೊಮ್ಮೆ ಓದಿ.

ಇಂಗ್ಲಿಷ್ ಭಾಗಕ್ಕೆ ಗ್ಯಾರಮಂಡ್ ಅನ್ನೋ ಫಾಂಟ್‌ನ ಇಟಾಲಿಕ್, ಅಂದ್ರೆ ಬಲಕ್ಕೆ ವಾಲಿದ ಅಕ್ಷರ, ಕೇಳಿ. ತುಂಬಾ ಚೆಂದದ ಅಕ್ಷರ. ಇಟಾಲಿಕ್ ಅಂದ್ರೆ ನೆಟ್ಟಗಿನ ಅಕ್ಷರವನ್ನು ಸುಮ್ನೆ ವಾಲಿಸಿದ್ದಲ್ಲ. ಅದು ಕೈಬರಹದಿಂದ ಬಂದದ್ದು. 1501ರಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನೂಶಿಯಸ್ ಇಡೀ ಪುಸ್ತಕವನ್ನೇ ಇಟಾಲಿಕ್‌ನಲ್ಲಿ ಅಚ್ಚು ಹಾಕಿದರು. ಆ ಅಕ್ಷರ ಕೊರೆದವರು ಫ್ರಾಂಚೆಸ್ಕೊ ಗ್ರಿಫೊ.

ಪ್ರೂಫ್ (ಪರಿಶೀಲನೆಗೆ ಕೊಡುವ ಮಾದರಿ ಪ್ರತಿ) ಬಂದಾಗ ಇಂಗ್ಲಿಷಿನ ಸಣ್ಣ 'ಎ' (a) ನೋಡಿ. ನೆಟ್ಟಗಿನ 'ಎ'ಗೆ ತಲೆಯ ಮೇಲೆ ಕೊಕ್ಕೆ ಇರುತ್ತದೆ. ಇಟಾಲಿಕ್‌ನಲ್ಲಿ ಅದಿಲ್ಲ, ಒಂದು ಸುತ್ತು, ಒಂದು ಪುಟ್ಟ ಬಾಲ ಅಷ್ಟೇ. ಸಣ್ಣ 'ಎಫ್' (f) ಸಾಲಿನಿಂದ ಕೆಳಗೆ ಇಳಿದಿರುತ್ತದೆ. ಇವು ಕಾಣದಿದ್ದರೆ ಕಂಪ್ಯೂಟರ್ ನೆಟ್ಟಗಿನದನ್ನೇ ವಾಲಿಸಿದೆ ಅಂತ ಅರ್ಥ. ಸರಿಯಾದ ಫಾಂಟ್ ಹಾಕಿಸಿ. ಗ್ಯಾರಮಂಡ್‌ನದೇ ಒಂದು ರೂಪವಾದ ಇಬಿ ಗ್ಯಾರಮಂಡ್ (EB Garamond) ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿಯೇ ಸಿಗುತ್ತದೆ.

ವಧೂವರರ ಹೆಸರು, ಆಹ್ವಾನದ ಒಂದೆರಡು ಸಾಲು ಇಟಾಲಿಕ್‌ನಲ್ಲಿರಲಿ. ಹಾಲ್ ವಿಳಾಸ, ಮುಹೂರ್ತ, ಫೋನ್ ನಂಬರ್ ನೆಟ್ಟಗಿರಲಿ, ವಯಸ್ಸಾದವರು ಓದಬೇಕಲ್ವಾ? ಚಿನ್ನದ ಫಾಯಿಲ್ ಹಾಕಿಸುವುದಾದರೆ ಅಕ್ಷರ ಸ್ವಲ್ಪ ದೊಡ್ಡದಿರಲಿ, ತೆಳು ಗೆರೆಗಳು ಅಲ್ಲಲ್ಲಿ ಕಡಿದುಹೋಗುತ್ತವೆ.

ಕನ್ನಡ ಭಾಗಕ್ಕೆ ಮಾತ್ರ ಇಟಾಲಿಕ್ ಬಟನ್ ಒತ್ತಲು ಬಿಡಬೇಡಿ. ನಮ್ಮ ದುಂಡು ಅಕ್ಷರ ವಾಲಿದರೆ ಒತ್ತಕ್ಷರಗಳು ಪಕ್ಕಕ್ಕೆ ಜಾರಿದಂತೆ ಕಾಣುತ್ತವೆ. ಒತ್ತು ಕೊಡಬೇಕಿದ್ದರೆ ದಪ್ಪ ಅಕ್ಷರ ಹಾಕಿಸಿ, ಇಲ್ಲವೇ ಬಣ್ಣ ಬದಲಿಸಿ.